ಕೊಕ್ಕೆ ಮೂರು ಗಂಟೆ ಅಲ್ಲಾಡ್ಲೇ ಇಲ್ಲ

2024ರ ಏಪ್ರಿಲ್‌ನಲ್ಲಿ ಒಂದು ಶನಿವಾರ ಮಗಳನ್ನ ಕರ್ಕೊಂಡು ಅಮೆರಿಕಾದ ಬಾಲ್ಟಿಮೋರ್‌ನ ಫೋರ್ಟ್ ಮೆಕ್‌ಹೆನ್ರಿ ಕೋಟೆಗೆ ಹೋಗಿದ್ದೆ. ದೊಡ್ಡ ಕ್ರೇನು ನೀರಿಂದ ಸೇತುವೆ ಎತ್ತುತ್ತೆ, ನೋಡೋಣ ಬಾ ಅಂತ ಆಸೆ ತೋರಿಸಿದ್ದೆ, ಅವಳಿಗೆ ಆಗ ಎಂಟು ವರ್ಷ, ಟಿಫಿನ್ ಡಬ್ಬಿ, ಚಾಪೆ, ಪಕ್ಕದ ಮನೆಯವರ ಹತ್ರ ಎರವಲು ತಂದ ಬೈನಾಕ್ಯುಲರ್ ಎಲ್ಲಾ ಹೊತ್ಕೊಂಡು ಹುಲ್ಲಿನ ಮೇಲೆ ಕೂತ್ವಿ. ಹಿಂದಿನ ತಿಂಗಳಷ್ಟೇ ಹಡಗು ಬಡಿದು ನದಿಗೆ ಬಿದ್ದ ಕೀ ಸೇತುವೆ ಅಲ್ಲಿಂದ ನಾಲ್ಕು ಮೈಲಿ ದೂರ. ಹಡಗು ಕಾಣ್ತಿತ್ತು, ಅದರ ಮೂತಿ ಮೇಲೆ ಅಡ್ಡ ಬಿದ್ದ ಕಬ್ಬಿಣ ಕಾಣ್ತಿತ್ತು, ಪಕ್ಕದಲ್ಲಿ ಕ್ರೇನಿನ ಬೂಮು, ಅಂದ್ರೆ ಅದರ ಉದ್ದ ತೋಳು, ಬೂಮಿನ ತುದಿಯಿಂದ ಇಳಿಬಿಟ್ಟ ಕೊಕ್ಕೆ ಬೈನಾಕ್ಯುಲರ್‌ನಲ್ಲೂ ಬರೀ ಒಂದು ಚುಕ್ಕಿ. ಹನ್ನೊಂದು ಗಂಟೆಗೆ ಎಲ್ಲಿತ್ತೋ ಎರಡು ಗಂಟೆಗೂ ಅಲ್ಲೇ. ಚಪಾತಿ ಖಾಲಿಯಾಯ್ತು, ಬೈನಾಕ್ಯುಲರ್ ಪಕ್ಕದ ಚಾಪೆಯ ಮಕ್ಕಳ ಕೈಗೆಲ್ಲ ಹೋಗಿ ಬಂತು, ಕೊನೆಗೆ ಅವಳು ಕೇಳಿದ್ಲು, "ಅಪ್ಪಾ, ಇವತ್ತು ಅವ್ರಿಗೆ ರಜನಾ?"

ರಜೆ ಅಲ್ಲ ಪುಟ್ಟಿ, ಅದೇ ಕೆಲಸ ಅಂತ ಹೇಳ್ಬೇಕಿತ್ತು, ಆದ್ರೆ ಅವತ್ತು ನನಗೇ ಗೊತ್ತಿರ್ಲಿಲ್ಲ. ಹನ್ನೊಂದು ವಾರ ದಿನಾ ರಾತ್ರಿ ಊಟ ಆದ್ಮೇಲೆ ಈ ಸೇತುವೆ ಕೆಲಸದ ಫೋಟೋ, ವಿಡಿಯೋ, ಅಧಿಕಾರಿಗಳ ಅಪ್ಡೇಟು ಓದೋದೇ ನನಗೊಂದು ಚಟ ಆಗಿಹೋಯ್ತು, ಹೆಂಡತಿ ಅದಕ್ಕೆ "ನಿಮ್ಮ ಸೀರಿಯಲ್ ಬಂತು ನೋಡಿ" ಅನ್ನೋಳು. ಬರೀತೀನಿ ಬರೀತೀನಿ ಅಂತ ಒಂದೂವರೆ ವರ್ಷ ಕಳೀತು. 2025ರ ನವೆಂಬರ್ 18ಕ್ಕೆ ಸೇತುವೆ ಬೀಳೋಕೆ ಕಾರಣ ಏನು ಅಂತ ತನಿಖೆಯವರು ಹೇಳಿದ್ರಲ್ಲ, ಅದನ್ನ ಅಪ್ಪನಿಗೆ ಫೋನಲ್ಲಿ ಹೇಳ್ದೆ, ಅವನು ಕೊಟ್ಟ ಉತ್ತರ ಕೇಳಿದ್ಮೇಲೆ ಇನ್ನು ಬರೀದೇ ಇದ್ರೆ ಆಗಲ್ಲ ಅನ್ನಿಸ್ತು.

ಅಪ್ಪನ ಬಗ್ಗೆ ಒಂದು ಮಾತು. ನಮ್ಮೂರು ಅಂಕೋಲಾ ಹತ್ರ, ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದ, ಪಣಜಿ ರೂಟಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದಾನೆ. ಸೇತುವೆ ಅಂದ್ರೆ ಅವನಿಗೆ ಸಂಬಂಧಿಕರ ಥರ, ಕಾಳಿ ಸೇತುವೆ ಹಿಂಗೆ, ಶರಾವತಿ ಸೇತುವೆ ಹಂಗೆ, ಯಾವುದರ ಮೇಲೆ ಜಾಯಿಂಟು ಎಷ್ಟು ಸಲ ಧಡಕ್ ಅನ್ನುತ್ತೆ ಅಂತ ಲೆಕ್ಕ ಇಟ್ಟವನು. 2024ರ ಮಾರ್ಚ್ 26ರ ಬೆಳಗಿನ ಜಾವ ಐದಕ್ಕೆ ಅವನ ಫೋನು. ಅಲ್ಲಿ ಮಧ್ಯಾಹ್ನ ಎರಡೂವರೆ, ಟೀವಿಲಿ ನೋಡಿದಾನೆ. "ತಮಾ, ನೀ ಮನೇಲೇ ಇದ್ಯನೋ? ನಿಮ್ಮೂರ ಬ್ರಿಜ್ಜು ಹೋತಲ್ಲೋ!" ನನಗೆ ನಿದ್ದೆಗಣ್ಣು, ಯಾವ ಬ್ರಿಜ್ಜು ಅಂತ ಕೇಳೋ ಹೊತ್ತಿಗೆ ಅವನೇ ವಿಡಿಯೋ ಕಳ್ಸಿದ್ದ.

ನೀವೂ ನೋಡಿರ್ತೀರ. ರಾತ್ರಿ 1 ಗಂಟೆ 28 ನಿಮಿಷದ ಸುಮಾರಿಗೆ ಡಾಲಿ ಅನ್ನೋ ಕಂಟೇನರ್ ಹಡಗು, ಉದ್ದ 984 ಅಡಿ, ಮೇಲೆ 4,600ಕ್ಕಿಂತ ಹೆಚ್ಚು ಕಂಟೇನರು, ಬಾಲ್ಟಿಮೋರ್‌ನಿಂದ ಕೊಲಂಬೋಗೆ ಅಂತ ಹೊರಟಿದ್ದು, ಬಂದರು ಬಿಟ್ಟು ಒಂದು ಗಂಟೆ ಆಗಿಲ್ಲ, ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು. ಸೀದಾ ಹೋಗಿ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ. 1977ರಲ್ಲಿ ಓಡಾಟಕ್ಕೆ ಬಿಟ್ಟ ಸೇತುವೆ, ಮಧ್ಯದಲ್ಲಿ ಎರಡು ಕಂಬದ ನಡುವಿನ ಒಂದು ಅಂಕಣವೇ 1,200 ಅಡಿ, ಕೆಲವೇ ಸೆಕೆಂಡಲ್ಲಿ ಪಟಾಪ್ಸ್ಕೋ ನದಿಯೊಳಗೆ. ಹಡಗಿನಿಂದ ಮೇಡೇ, ಅಂದ್ರೆ ಅಪಾಯದ ಕರೆ, ಕೊಟ್ಟಿದ್ರು, ಪೊಲೀಸರು ಎರಡೂ ಕಡೆ ಗಾಡಿ ನಿಲ್ಸಿದ್ರು, ಹಾಗಾಗಿ ಓಡಾಡೋ ಜನ ಬಚಾವ್. ಆದ್ರೆ ರಾತ್ರಿ ಪಾಳಿಯಲ್ಲಿ ಸೇತುವೆ ಮೇಲೆ ಗುಂಡಿ ಮುಚ್ಚುತ್ತಿದ್ದ ಕೆಲಸಗಾರರು ಎಂಟು ಜನ, ಅವರಿಗೆ ಸುದ್ದಿ ಮುಟ್ಟೋಷ್ಟು ಹೊತ್ತು ಇರ್ಲಿಲ್ಲ. ಆರು ಜನ ಹೋದ್ರು. ಎಲ್ಲರೂ ಮೆಕ್ಸಿಕೋ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್ ಕಡೆಯಿಂದ ದುಡಿಯೋಕೆ ಬಂದವರು.

ಮಾರನೇ ದಿನ ಕೆಂಪು ಪಿಕಪ್ ಗಾಡಿಯೊಳಗೆ ಇಬ್ಬರು ಸಿಕ್ರು. ಆಮೇಲೆ ನೀರಿಗಿಳಿದು ಹುಡುಕೋ ಡೈವರ್‌ಗಳನ್ನೇ ಹೊರಗೆ ಕರ್ಕೊಂಡ್ರು. ಉಳಿದವರು ಇರಬಹುದಾದ ಜಾಗದ ಸುತ್ತ ಕಾಂಕ್ರೀಟು ಕಬ್ಬಿಣ ಹೆಣೆದುಕೊಂಡು ಬಿದ್ದಿದೆ, ಮೊದಲು ಅದನ್ನ ತೆಗೀಬೇಕು, ಆಮೇಲೆ ಹುಡುಕೋದು ಅಂತಾಯ್ತು. ಅಂದ್ರೆ ಕ್ರೇನ್ ಬರ್ಬೇಕು.

ಕ್ರೇನ್ ಬಂತು. ಹೆಸರು ಚೆಸಪೀಕ್ 1000, ಹೆಸರಲ್ಲೇ ಇದೆ, ಒಂದೇ ಸಲಕ್ಕೆ ಸಾವಿರ ಟನ್ ಎತ್ತುತ್ತೆ, ಅಂದ್ರೆ ಲೋಡ್ ತುಂಬಿದ ಹತ್ತು ಚಕ್ರದ ಲಾರಿ ಮೂವತ್ತನ್ನ ಒಟ್ಟಿಗೆ ಕಟ್ಟಿ ಎತ್ತಿದ ಹಾಗೆ. ಇದಕ್ಕೆ ಸ್ವಂತ ಎಂಜಿನ್‌ನಲ್ಲಿ ಓಡೋ ಕೆಲಸ ಇಲ್ಲ, ದೊಡ್ಡ ಬಾರ್ಜಿನ, ಅಂದ್ರೆ ಚಪ್ಪಟೆ ತಳದ ದೋಣಿಯ ಮೇಲೆ ಕೂತಿರುತ್ತೆ, ಹಡಗು ಎಳೆಯೋ ಸಣ್ಣ ದೋಣಿ ಟಗ್‌ಗಳು ಎಳ್ಕೊಂಡು ಬರ್ಬೇಕು, ನಮ್ಮ ಕಡೆ ತೇರು ಎಳ್ದ ಹಾಗೆ. ಇದರ ಹಳೇ ಕಥೆ ಓದಿ ನಾನು ರಾತ್ರಿ ಹನ್ನೆರಡಕ್ಕೆ ಹೆಂಡತಿನ ಎಬ್ಬಿಸಿ ಹೇಳಿ ಬೈಸ್ಕೊಂಡಿದೀನಿ. 1970ರ ದಶಕದಲ್ಲಿ ಇದರ ಹೆಸರು ಸನ್ 800, ಗ್ಲೋಮಾರ್ ಎಕ್ಸ್‌ಪ್ಲೋರರ್ ಅನ್ನೋ ಹಡಗು ಕಟ್ಟೋಕೆ ಅಂತ ತಯಾರಾದ ಕ್ರೇನು. ಆ ಹಡಗು ಯಾತಕ್ಕೆ? ಮೇಲ್ನೋಟಕ್ಕೆ ಸಮುದ್ರದ ತಳದಲ್ಲಿ ಖನಿಜ ಹುಡುಕೋದು ಅಂತ, ನಿಜದಲ್ಲಿ ಅಮೆರಿಕಾದ ಗೂಢಚಾರ ಸಂಸ್ಥೆ ಸಿಐಎಯವರು ಪೆಸಿಫಿಕ್ ಸಾಗರದಲ್ಲಿ ಮೂರು ಮೈಲಿ ಆಳಕ್ಕೆ ಮುಳುಗಿದ್ದ ಸೋವಿಯತ್ ಸಬ್‌ಮರೀನನ್ನ ಕದ್ದು ಎತ್ತೋಕೆ! ಸಬ್‌ಮರೀನಿನ ಒಂದು ಭಾಗ ಮಾತ್ರ ಸಿಕ್ತು, ಅದು ಬೇರೆ ಕಥೆ. ಐವತ್ತು ವರ್ಷ ಆದ್ಮೇಲೂ ಆ ಕ್ರೇನು ದುಡೀತಾನೇ ಇದೆ.

ಸರಿ, ಸಾವಿರ ಟನ್ ಎತ್ತೋ ಕ್ರೇನ್ ಇದೆ, ನೀರಲ್ಲಿ ಬಿದ್ದಿರೋದು ಹೆಚ್ಚುಕಮ್ಮಿ 50,000 ಟನ್. ಐವತ್ತು ಸಲ ಎತ್ತಿದ್ರೆ ಮುಗೀತಲ್ಲ? ನನ್ನ ಮೊದಲ ದಿನದ ಲೆಕ್ಕ ಇದೇ, ನಗಬೇಡಿ.

ಕಷ್ಟ ಇರೋದು ಎತ್ತೋದ್ರಲ್ಲಿ ಅಲ್ಲವೇ ಅಲ್ಲ. ಕೆಳಗೆ ಏನಿದೆ ಅಂತ ಯಾರಿಗೂ ಕಾಣಲ್ಲ. ಅಲ್ಲಿ ಹಡಗು ಓಡಾಡೋ ಕಾಲುವೆ 50 ಅಡಿ ಆಳ, ತಳದಲ್ಲಿ ಮೆತ್ತನೆ ಕೆಸರು, ಸೇತುವೆ ಆ ಕೆಸರಲ್ಲಿ ಹೂತುಕೊಂಡಿದೆ. ಡೈವರ್ ಇಳಿದ್ರೆ ಒಂದೆರಡು ಅಡಿ ಮುಂದಿನದು ಕಂಡ್ರೆ ಪುಣ್ಯ, ದೀಪ ಹಚ್ಚಿದ್ರೆ ಬೆಳಕು ಕೆಸರಿನ ಕಣಕ್ಕೆ ಬಡಿದು ವಾಪಸ್ ಕಣ್ಣಿಗೇ ಬರುತ್ತೆ, ರಾತ್ರಿ ಹಿಮ ಸುರಿಯೋವಾಗ ಹೈ ಬೀಮ್ ಹಾಕಿ ಕಾರ್ ಓಡಿಸಿದ ಹಾಗೆ ಅಂತ ಅಧಿಕಾರಿಗಳು ಹೇಳಿದ್ರು. ಅಪ್ಪನಿಗೆ ಇದನ್ನ ಹೇಳೋವಾಗ ನಾನು ಹಿಮ ತೆಗೆದು ಅರಬೈಲ್ ಘಾಟಿನ ಮಂಜು ಅಂತ ಮಾಡಿದೆ, ತಕ್ಷಣ ಅರ್ಥ ಆಯ್ತು ಅವನಿಗೆ, "ಹೌದು ಮಾರಾಯ, ಅಲ್ಲಿ ದೊಡ್ಡ ಲೈಟ್ ಹಾಕಿದ್ರೆ ಮುಗೀತು ಕಥೆ" ಅಂದ.

ಹಾಗಾಗಿ ಮೊದಲು ಸೋನಾರ್. ಶಬ್ದ ಬಿಟ್ಟು ಅದು ತಿರುಗಿ ಬರೋದರ ಮೇಲೆ ಚಿತ್ರ ಬಿಡಿಸೋದು. ನೌಕಾಪಡೆಯವರು ಏಪ್ರಿಲ್ ಶುರುವಲ್ಲಿ ಆ ಚಿತ್ರ ಬಿಟ್ರು, ನಾನು ಫೋನಲ್ಲಿ ದೊಡ್ಡದು ಮಾಡಿ ಮಾಡಿ ನೋಡ್ದೆ, ಕಿತ್ತಳೆ ನೀಲಿ ಬಣ್ಣದಲ್ಲಿ ಸಿಕ್ಕುಸಿಕ್ಕಾಗಿ ಏನೋ, ಹಬ್ಬ ಆದ್ಮೇಲೆ ಸೀರಿಯಲ್ ಲೈಟಿನ ಸರ ಡಬ್ಬಿಗೆ ತುರುಕಿಟ್ಟು ಮುಂದಿನ ವರ್ಷ ತೆಗೆದಾಗ ಇರುತ್ತಲ್ಲ ಥೇಟ್ ಹಾಗೆ, ಆದ್ರೆ ಇಲ್ಲಿ ಒಂದೊಂದು ಎಳೆಯೂ ಉಕ್ಕಿನ ತೊಲೆ. ನೀರೊಳಗಿನ ಡೈವರ್‌ಗೆ ಏನೂ ಕಾಣದೆ ಇದ್ರೂ ಮೇಲೆ ದೋಣಿಯಲ್ಲಿ ಕೂತವನು ಸೋನಾರ್ ಪರದೆ ನೋಡ್ಕೊಂಡು ಎಡಕ್ಕೆ ಹೋಗು, ಎರಡಡಿ ಮುಂದೆ, ನಿಲ್ಲು ಅಂತ ಹೇಳ್ತಾನೆ. ಕಣ್ಣು ಒಬ್ಬನದು, ಕೈ ಇನ್ನೊಬ್ಬನದು.

ಆಮೇಲೆ ಕತ್ತರಿಸೋದು, ಅದರದ್ದೇ ಬೇರೆ ಭಯ. ಸೇತುವೆ ಬಿದ್ದಾಗ ಉಕ್ಕು ಸುಮ್ನೆ ಮುರಿದು ಬಿದ್ದಿಲ್ಲ, ತಿರುಚ್ಕೊಂಡಿದೆ, ಬಗ್ಗಿದೆ, ಒಂದರ ಮೇಲೊಂದು ಒತ್ಕೊಂಡಿದೆ. ನಮ್ಮ ಕಡೆ ತೋಟದಲ್ಲಿ ಕೊನೆ ಕೊಯ್ಯೋನು ಒಂದು ಅಡಿಕೆ ಮರದ ತುದಿಯಿಂದ ಇನ್ನೊಂದನ್ನ ಕೊಕ್ಕೆ ಹಾಕಿ ಬಗ್ಗಿಸ್ಕೊಳ್ತಾನಲ್ಲ, ಅಲ್ಲಿ ಕೈ ತಪ್ಪಿದ್ರೆ ಮರ ಹೆಂಗೆ ರಪ್ ಅಂತ ಹಿಂದೆ ಹೋಗುತ್ತೆ ನೋಡಿದವರಿಗೆ ಗೊತ್ತು. ಇಲ್ಲಿ ನೂರಾರು ಟನ್ ಉಕ್ಕು ಹಾಗೇ ಬಗ್ಗಿ ನಿಂತಿದೆ. ಯಾವುದನ್ನ ಕತ್ತರಿಸಿದ್ರೆ ಯಾವುದು ಯಾವ ಕಡೆ ಚಿಮ್ಮುತ್ತೆ ಅಂತ ಎಂಜಿನಿಯರ್‌ಗಳು ಲೆಕ್ಕ ಹಾಕಿ ಹೇಳೋತನಕ ಯಾರೂ ಮುಟ್ಟಂಗಿಲ್ಲ. ಲೆಕ್ಕ ಆದ್ಮೇಲೆ ಕತ್ತರಿಸಬೇಕು, ಸರಪಳಿ ಸುತ್ತಬೇಕು, ಸ್ವಲ್ಪ ಎಳೆದು ಭಾರ ನೋಡ್ಬೇಕು, ಅಂದಾಜಿಗಿಂತ ಜಾಸ್ತಿ ಬಂದ್ರೆ ಕೆಸರೊಳಗೆ ಇನ್ನೇನೋ ಸಿಕ್ಕಾಕ್ಕೊಂಡಿದೆ ಅಂತ ಅರ್ಥ, ಇಳಿಸಿ, ಮತ್ತೆ ಡೈವರ್, ಮತ್ತೆ ಸೋನಾರ್. ನನ್ನ ಮಗಳು ಮೂರು ಗಂಟೆ ನೋಡಿದ ರಜೆ ಇದೇ ಇರ್ಬೇಕು.

ಬಂದರು ಪೂರ್ತಿ ಬಂದ್. ಬಾಲ್ಟಿಮೋರ್ ಅಂದ್ರೆ ಕಾರು, ಟ್ರ್ಯಾಕ್ಟರು ಹಡಗಿಗೆ ಹತ್ತಿಸಿ ಇಳಿಸೋದ್ರಲ್ಲಿ ಅಮೆರಿಕಾದಲ್ಲೇ ಮೊದಲ ಸಾಲು, ಇಲ್ಲಿಂದ ಹೊರಡೋ ಕಲ್ಲಿದ್ದಲಲ್ಲಿ ಭಾರತದ ಇಟ್ಟಿಗೆ ಭಟ್ಟಿಗಳಿಗೆ ಹೋಗೋದೂ ಇದೆ. ಅದಕ್ಕೆ ಇಡೀ ದಾರಿ ಬಿಡಿಸೋತನಕ ಕಾಯದೆ ಪಕ್ಕಪಕ್ಕದಲ್ಲಿ ಸಣ್ಣಸಣ್ಣ ದಾರಿ ಬಿಟ್ಕೊಂಡು ಹೋದ್ರು. ಏಪ್ರಿಲ್ 1ಕ್ಕೆ ಮೊದಲನೇದು, ಆಳ 11 ಅಡಿ, ಟಗ್ಗು ಬಾರ್ಜು ಹೋಗ್ಬಹುದು ಅಷ್ಟೇ. ಮಾರನೇ ದಿನ 14 ಅಡಿಯದು. ಆಮೇಲೆ 20 ಅಡಿ, ಏಪ್ರಿಲ್ 25ಕ್ಕೆ 35 ಅಡಿ, ಅವತ್ತು ಒಳಗೆ ಸಿಕ್ಕಿಬಿದ್ದಿದ್ದ ಬಾಲ್ಸಾ 94 ಅನ್ನೋ ಹಡಗು ಹೊರಗೆ ಹೋಯ್ತು. ನಮ್ಮ ಆಫೀಸಲ್ಲಿ ಅದೊಂದು ಹಡಗು ಹೋಗಿದ್ದಕ್ಕೆ ಚಪ್ಪಾಳೆ ಹೊಡೆದ್ರು, ಅದರಲ್ಲಿ ಏನಿದೆ ಎಲ್ಲಿಗೆ ಹೋಗ್ತಿದೆ ಒಬ್ಬರಿಗೂ ಗೊತ್ತಿಲ್ಲ.

ಡಾಲಿ ಮಾತ್ರ ಅಲ್ಲೇ. ನನಗೆ ಜಾಸ್ತಿ ಕಾಡಿದ್ದು ಅದರೊಳಗಿನ ಜನ. 21 ಮಂದಿ, ಅವರಲ್ಲಿ 20 ಜನ ಭಾರತದವರು, ಒಬ್ಬ ಶ್ರೀಲಂಕಾದವನು. ನಮ್ಮ ಕರಾವಳಿ ಕಡೆ ಕೇರಿಗೊಬ್ಬ ಹಡಗಿಗೆ ಹೋದ ಹುಡುಗ ಇದ್ದೇ ಇರ್ತಾನೆ, ಅವನ ಅಮ್ಮ ದೇವರಿಗೆ ಹರಕೆ ಹೊತ್ಕೊಂಡು ಕೂತಿರ್ತಾಳೆ, ಅದಕ್ಕೋ ಏನೋ. ಘಟನೆ ಆದ ವಾರದಲ್ಲೇ ಈ ಹುಡುಗರನ್ನ ಲಂಗೋಟಿ ಹಾಕಿಸಿ ಗೇಲಿ ಮಾಡೋ ಕಾರ್ಟೂನ್ ಒಂದು ಓಡಾಡ್ತು, ಮೇಡೇ ಕೊಟ್ಟು ಗಾಡಿ ನಿಲ್ಲೋ ಹಾಗೆ ಆಗಿದ್ದು ಅದೇ ಹಡಗಿಂದ ಅಂತ ಅದನ್ನ ಬರೆದವನಿಗೆ ಬೇಕಾಗಿರ್ಲಿಲ್ಲ. ಎಫ್‌ಬಿಐಯವರು ಹಡಗು ಹತ್ತಿ ಎಲ್ಲರ ಫೋನು ತಗೊಂಡು ಹೋದ್ರು, ಆಮೇಲೆ ಯಾರೋ ಪುಣ್ಯಾತ್ಮರು ಬೇರೆ ಸಿಮ್ ಕಾರ್ಡು ತಲುಪಿಸಿದ್ರು. ಮನೆಗೆ ಹೋಗಂಗಿಲ್ಲ, ದಡಕ್ಕೂ ಇಳಿಯಂಗಿಲ್ಲ, ತಲೆ ಮೇಲೆ ಸೇತುವೆ. ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಚಕ್ಕುಲಿ, ಚಟ್ನಿಪುಡಿ ಕಳ್ಸೋಣ ಅಂತ ಎರಡು ದಿನ ಚರ್ಚೆ ಆಯ್ತು, ಯಾರ ಮೂಲಕ ಕೊಡೋದು ಗೊತ್ತಾಗದೆ ಚರ್ಚೆ ಹೋಳಿಗೆ ರೆಸಿಪಿ ಕಡೆ ತಿರುಗ್ತು. ನಾನೂ ಮುಂದೆ ಏನೂ ಮಾಡ್ಲಿಲ್ಲ, ಅದು ನನಗೆ ಇವತ್ತಿಗೂ ಚುಚ್ಚುತ್ತೆ.

ಹಡಗಿನ ಮೂತಿ ಮೇಲೆ ಬಿದ್ದಿದ್ದ ತುಂಡು ಮನುಷ್ಯರನ್ನ ಹತ್ತಿಸಿ ಕತ್ತರಿಸೋಕೆ ಆಗದಷ್ಟು ಅಪಾಯ, ಹಾಗಾಗಿ ಸಿಡಿಮದ್ದು. ದೊಡ್ಡ ಸ್ಫೋಟ ಅಲ್ಲ, ಉಕ್ಕಿನಲ್ಲಿ ಮೊದಲೇ ಗೀರು ಮಾಡಿಟ್ಕೊಂಡು ಆ ಗೀರಲ್ಲಿ ಅಳತೆ ಹಾಕಿ ಮದ್ದಿಟ್ಟು ಒಂದೇ ಕ್ಷಣಕ್ಕೆ ತುಂಡು ಮಾಡೋದು. ಭಾನುವಾರ ಅಂತಿತ್ತು, ಗುಡುಗು ಮಿಂಚು ಅಂತ ಮುಂದೆ ಹೋಗಿ ಮೇ 13, ಸೋಮವಾರ ಸಂಜೆ. ಸಾಲಾಗಿ ಕಿಡಿ, ಹೊಗೆ, ಕಬ್ಬಿಣ ದೊಪ್ಪಂತ ನೀರಿಗೆ. ಆ 21 ಜನ ಆವಾಗಲೂ ಹಡಗಿನೊಳಗೇ ಇದ್ರು! ಮೇ 20ರ ಬೆಳಿಗ್ಗೆ ಭರತ ಬಂದು ನೀರು ಏರಿದಾಗ ಐದು ಟಗ್ಗು ಸೇರಿ ಡಾಲಿಯನ್ನ ತೇಲಿಸಿ ನಡೆಯೋ ವೇಗಕ್ಕಿಂತ ನಿಧಾನವಾಗಿ ಬಂದರಿಗೆ ಎಳ್ಕೊಂಡು ಹೋದ್ವು.

ಆಮೇಲೂ ಮುಗೀಲಿಲ್ಲ. ತಳದ ಕೆಸರಲ್ಲಿ ಹೂತಿದ್ದು ಬಾಕಿ. ಅದಕ್ಕೆ ಚೆಸಪೀಕ್ ಕ್ರೇನಿಗೆ ನಾಲ್ಕು ಉಗುರಿನ ದೊಡ್ಡ ಹೈಡ್ರಾಲಿಕ್ ಪಂಜ ಕಟ್ಟಿದ್ರು, ಕೆಲಸದವರು ಅದಕ್ಕೆ ಗಸ್ ಅಂತ ಹೆಸರಿಟ್ಟಿದ್ರು. ಕೇರಂ ಆಡಿ ಮುಗಿದ್ಮೇಲೆ ಕಾಯಿ ಬಾಚ್ತೀವಲ್ಲ ಹಾಗೆ ಅದು ಕೆಸರೊಳಗೆ ಕೈ ಹಾಕಿ ಬಾಚಿ ಮೇಲೆ ತರೋದು, ಸೊಟ್ಟಾಪಟ್ಟ ಉಕ್ಕಿನಿಂದ ಕಪ್ಪು ಕೆಸರು ತೊಟ್ಟಿಕ್ಕೋ ವಿಡಿಯೋನ ನಾನು ಎಷ್ಟು ಸಲ ನೋಡಿದೀನೋ. ಎತ್ತಿದ್ದನ್ನೆಲ್ಲ ಬಾರ್ಜಿಗೆ ಹಾಕಿ ಸ್ಪ್ಯಾರೋಸ್ ಪಾಯಿಂಟಿಗೆ ಸಾಗಿಸೋರು, ಅಲ್ಲಿ ಹೈಡ್ರಾಲಿಕ್ ಕತ್ತರಿಯಿಂದ ತುಂಡು ಮಾಡಿ ಗುಜರಿಗೆ. ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಇದ್ದ ಜಾಗ ಅದು. ಜೂನ್ 10ಕ್ಕೆ 700 ಅಡಿ ಅಗಲ, 50 ಅಡಿ ಆಳದ ಕಾಲುವೆ ಪೂರ್ತಿ ವಾಪಸ್ ಬಂತು. ಕಾಣೆಯಾದ ಆರನೇ ಮನುಷ್ಯ ಸಿಕ್ಕಿದ್ದು ಮೇ 7ಕ್ಕೆ, 42 ದಿನ ಆದ್ಮೇಲೆ. ಆ ಮನೆಯವರು ಈ 42 ದಿನ ಕ್ರೇನಿನ ಅಪ್ಡೇಟು ಹೇಗೆ ಓದ್ತಿದ್ರೋ, ನಾನು ಓದಿದ ಹಾಗಂತೂ ಅಲ್ಲ.

ಇದು ನನಗೆ ಸರಿಯಾಗಿ ತಟ್ಟಿದ್ದು ಜುಲೈಯಲ್ಲಿ. ಜುಲೈ 16ಕ್ಕೆ ನಮ್ಮ ಅಂಕೋಲಾ ಹತ್ರದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ, ಚಾ ಅಂಗಡಿ, ಅಲ್ಲಿದ್ದ ಜನ ಎಲ್ಲಾ ಗಂಗಾವಳಿ ನದಿಗೆ. ಕೇರಳದ ಲಾರಿ ಡ್ರೈವರ್ ಒಬ್ಬ ಲಾರಿ ಸಮೇತ ಕಾಣೆ. ಬಾಲ್ಟಿಮೋರ್ ನೋಡಿ ಕಲ್ತವನ ಹಾಗೆ ನಾನು ಇಲ್ಲಿಂದ ಫೋನಲ್ಲಿ ಪಾಠ ಶುರು ಮಾಡಿದೆ, ಸೋನಾರ್ ತರ್ಬೇಕು, ಬಾರ್ಜ್ ತರ್ಬೇಕು ಅಂತ. ಅಪ್ಪ ಒಂದು ನಿಮಿಷ ಸುಮ್ಮನಿದ್ದು, "ತಮಾ, ಹೊಳೆ ನೋಡಿದ್ಯ ನೀನು ಈಗ? ಕಲ್ಲು ಹಾಕಿದ್ರೆ ಕಲ್ಲೇ ತೇಲ್ಕಂಡು ಹೋಗ್ತದೆ" ಅಂದ. ಹೌದು, ಪಟಾಪ್ಸ್ಕೋದಲ್ಲಿ ಕೆಸರಿತ್ತೇ ಹೊರತು ಮಳೆಗಾಲದ ಹೊಳೆಯ ಸೆಳೆತ ಇರ್ಲಿಲ್ಲ. ನೌಕಾಪಡೆಯ ಮುಳುಗುಗಾರರೂ ಇಳಿಯೋಕಾಗದ ದಿನಗಳಿದ್ವು, ಮುಳುಗುಗಾರ ಈಶ್ವರ ಮಲ್ಪೆ ಸೊಂಟಕ್ಕೆ ಹಗ್ಗ ಕಟ್ಕೊಂಡು ಧುಮುಕಿದ್ದನ್ನ ಊರವರು ಉಸಿರು ಬಿಗಿಹಿಡಿದು ನೋಡಿದ್ರು. ಮಳೆ ಇಳಿದ್ಮೇಲೆ ಗೋವಾದಿಂದ ಹೂಳೆತ್ತೋ ಡ್ರೆಜ್ಜರ್ ಬಂತು, ಸೆಪ್ಟೆಂಬರ್ 25ಕ್ಕೆ ಲಾರಿ ಸಿಕ್ತು, ಅವನೂ ಅದರೊಳಗೇ ಇದ್ದ.

ನಡುವೆ ಆಗಸ್ಟ್ 7ರ ಮಧ್ಯರಾತ್ರಿ ಕಳೆದು ಒಂದು ಗಂಟೆ ಹೊತ್ತಿಗೆ ಕಾರವಾರದ ಹಳೇ ಕಾಳಿ ಸೇತುವೆ, ಅಪ್ಪನ ಪಣಜಿ ರೂಟಿನ ಸೇತುವೆ, ಅದೂ ಹೋಯ್ತು. ಗೋವಾ ಕಡೆಯಿಂದ ಬರ್ತಿದ್ದ ಒಂದು ಲಾರಿ ಕೆಳಗೆ. ಡ್ರೈವರ್ ಹೆಂಗೋ ಕ್ಯಾಬಿನ್ ಮೇಲೆ ಹತ್ತಿ ಕೂತಿದ್ದ, ಮೀನುಗಾರರು, ಪೊಲೀಸರು ಸೇರಿ ದೋಣಿಯಲ್ಲಿ ಎತ್ಕೊಂಡು ಬಂದ್ರು. ಈ ಸಲ ಫೋನ್ ಮಾಡಿದ್ದು ನಾನು. "ಅಪ್ಪಾ, ನಿನ್ನ ಬ್ರಿಜ್ಜು ಹೋಯ್ತಲ್ಲೋ" ಅಂದೆ. ಅವನು ಆ ಸೇತುವೆ ಮೇಲೆ ಎಷ್ಟು ಜಾಯಿಂಟು ಇತ್ತು ಅಂತ ಹೇಳ್ತಾ ಹೋದ, ನಾನು ಕೇಳ್ತಾ ಇದ್ದೆ.

ಈಗ ನವೆಂಬರಿನ ವಿಷಯ. ಇಷ್ಟು ದೊಡ್ಡ ಹಡಗಿನ ಕರೆಂಟು ಮೊದಲ ಸಲ ಹೋಗಿದ್ದು ಯಾಕೆ ಅಂದ್ರೆ ಒಂದು ಸಿಗ್ನಲ್ ವಾಯರ್ ಲೂಸ್. ವಾಯರಿಗೆ ಗುರುತಿಗೆ ಅಂತ ಲೇಬಲ್ ಪಟ್ಟಿ ಹಾಕ್ತಾರಲ್ಲ, ಆ ಪಟ್ಟಿ ಸರಿಯಾದ ಜಾಗದಲ್ಲಿ ಕೂರದೆ ವಾಯರಿನ ತುದಿ ಟರ್ಮಿನಲ್ ಒಳಗೆ ಪೂರ್ತಿ ಹೋಗಿರ್ಲಿಲ್ಲ, ಅಷ್ಟೇ. ಐಫೆಲ್ ಟವರಿನಲ್ಲಿ ಲೂಸಾದ ಒಂದು ರಿವೆಟ್ ಹುಡುಕಿದ ಹಾಗಿತ್ತು ಅಂತ ತನಿಖಾ ಮಂಡಳಿಯ ಮುಖ್ಯಸ್ಥೆ ಜೆನಿಫರ್ ಹೋಮೆಂಡಿ ಹೇಳಿದ್ರು.

ಇದನ್ನ ಅಪ್ಪನಿಗೆ ಹೇಳಿದಾಗ ನಾನು ಅಂದ್ಕೊಂಡಿದ್ದು ಅವನು ನಂಬಲ್ಲ, ಅಥವಾ ಬೈತಾನೆ ಅಂತ. ಅವನು ನಗಲೂ ಇಲ್ಲ ಬೈಲೂ ಇಲ್ಲ. "ಅದು ಹಂಗೇ" ಅಂದ. ಒಂದು ಮಳೆಗಾಲ ರಾತ್ರಿ ಬಸ್ ತಗೊಂಡು ಅರಬೈಲ್ ಘಾಟ್ ಇಳೀತಿದ್ದನಂತೆ, ತಿರುವಿನಲ್ಲಿ ಲೈಟ್ ಎಲ್ಲಾ ಒಮ್ಮೆಲೇ ಆಫ್, ಬಸ್ ತುಂಬ ಜನ, ಒಂದು ಕಡೆ ಗುಡ್ಡ ಒಂದು ಕಡೆ ಕಮರಿ, ಕಣ್ಣು ಮುಚ್ಕೊಂಡ ಹಾಗೆ ಬ್ರೇಕ್ ಒತ್ತಿ ಗುಡ್ಡದ ಕಡೆ ನಿಲ್ಸಿದ. ಕಂಡಕ್ಟರ್ ಟಾರ್ಚ್ ಹಿಡ್ದ, ನೋಡಿದ್ರೆ ಬ್ಯಾಟರಿ ಟರ್ಮಿನಲ್ ಲೂಸ್. "ರಸ್ತೆ ಬದಿ ಕಲ್ಲು ತಗಂಡು ನಾಲ್ಕು ಪೆಟ್ಟು ಕೊಟ್ಟು ಕೂರಿಸ್ದೆ, ಲೈಟ್ ಬಂತು, ಯಲ್ಲಾಪುರದಿಂದ ಬರ್ತಿದ್ದ ಅಜ್ಜಿ ಒಬ್ಬಳು ಹಿಂದಿನ ಸೀಟಲ್ಲಿ ಏಳಲೇ ಇಲ್ಲ, ನಿದ್ದೆ" ಅಂದ.

ಇದನ್ನ ಇಷ್ಟು ವರ್ಷದಲ್ಲಿ ಒಂದು ಸಲಾನೂ ಮನೇಲಿ ಹೇಳಿದ್ದಿಲ್ವಲ್ಲ ಅಂತ ಕೇಳ್ದೆ.

"ನಿನ್ನ ಅವ್ವಿ ಕೆಲ್ಸ ಬಿಡ್ಸತಿದ್ಲು" ಅಂದ.